ವರ್ಷಕ್ಕೆ 1 ಮಿಲಿಸೀವರ್ಟ್ ಅನ್ನೋ ಗೆರೆ ಎಳೆದಿದ್ದು ಯಾರು?

ಸುಮ್ನೆ_ಕೇಳ್ದೆ
ಹೋದ ವಾರ ಹೊಟ್ಟೆನೋವು ಅಂತ ಸಿಟಿ ಸ್ಕ್ಯಾನ್ ಮಾಡಿಸಿಕೊಂಡೆ. ಹೊರಗೆ ಕಾಯುತ್ತಾ ಕೂತಾಗ ಗೋಡೆ ಮೇಲಿನ ಹಾಳೆ ಓದಿದೆ. ಸಾರ್ವಜನಿಕರಿಗೆ ವಿಕಿರಣದ ಮಿತಿ ವರ್ಷಕ್ಕೆ 1 ಮಿಲಿಸೀವರ್ಟ್ (ವಿಕಿರಣ ಮೈಗೆ ಎಷ್ಟು ತಟ್ಟುತ್ತೆ ಅನ್ನೋದರ ಅಳತೆ) ಅಂತ ಬರೆದಿತ್ತು. ಮನೆಗೆ ಬಂದು ಹುಡುಕಿದರೆ ಹೊಟ್ಟೆಯ ಒಂದು ಸಿಟಿಗೆ 8ರಿಂದ 10 ಮಿಲಿಸೀವರ್ಟ್ ಆಗುತ್ತಂತೆ! ಹತ್ತು ವರ್ಷದ ಕೋಟಾ ಒಂದು ಉಸಿರು ಹಿಡಿದು ಬಿಡುವಷ್ಟರಲ್ಲಿ ಖಾಲಿ.

ಒಂದೋ ಆ 1 ಸುಳ್ಳು, ಇಲ್ಲಾ ಈ 10 ಅಪಾಯ. ಎರಡೂ ಸರಿ ಇರೋಕೆ ಹೇಗೆ ಸಾಧ್ಯ? ಈ ಗೆರೆ ಎಳೆದವರು ಯಾರು, ಯಾವ ಲೆಕ್ಕದಲ್ಲಿ ಎಳೆದರು? ತಿಳಿದವರು ಹೇಳಿ.

ಬ್ಯಾಡ್ಜ್_ಧಾರಿ
ಎಕ್ಸ್‌ರೇ ವಿಭಾಗದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. ಈ ಪ್ರಶ್ನೆ ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ.

ಆ 1 ಮಿಲಿಸೀವರ್ಟ್‌ನಲ್ಲಿ ನಿಮ್ಮ ಚಿಕಿತ್ಸೆಯ ವಿಕಿರಣ ಸೇರಿಲ್ಲ. ಮಣ್ಣು, ಗಾಳಿ, ಆಕಾಶದಿಂದ ಬರುವುದೂ ಸೇರಿಲ್ಲ. ಅದು ಬೇರೆಯವರ ಕೆಲಸದಿಂದ ನಿಮ್ಮ ಮೈಮೇಲೆ ಬೀಳುವುದಕ್ಕೆ ಮಾತ್ರ. ಅಣುಸ್ಥಾವರ, ಕಾರ್ಖಾನೆ, ನಮ್ಮ ಎಕ್ಸ್‌ರೇ ಕೋಣೆಯ ಗೋಡೆ ದಾಟಿ ಬರುವುದು, ಇಂಥವು. ರೋಗಿಗೆ ಮಿತಿ ಅಂತ ಒಂದು ಅಂಕಿ ಇಲ್ಲ. ಅಲ್ಲಿ ಬೇರೆ ಎರಡು ಪ್ರಶ್ನೆ ಕೇಳಬೇಕು: ಈ ಸ್ಕ್ಯಾನ್ ನಿಜಕ್ಕೂ ಬೇಕಾ? ಬೇಕಾದರೆ ಎಷ್ಟು ಕಡಿಮೆಯಲ್ಲಿ ಮುಗಿಸಬಹುದು?

ಮೂಗು_ತೂರಿಸೋನು
ಅಂದ್ರೆ ತಾನು ಡಾಕ್ಟರ್ ಚೀಟಿ ಮೇಲೆ ಬಂದಿದ್ದೀನೋ ಗೋಡೆ ದಾಟಿ ಬಂದಿದ್ದೀನೋ ಅಂತ ಎಕ್ಸ್‌ರೇಗೆ ಗೊತ್ತಾಗುತ್ತಾ? ಜೀವಕೋಶಕ್ಕೆ ಎರಡೂ ಒಂದೇ ಅಲ್ವಾ.

ಬ್ಯಾಡ್ಜ್_ಧಾರಿ
ಜೀವಕೋಶಕ್ಕೆ ಒಂದೇ. ನಿಮಗೆ ಒಂದೇ ಅಲ್ಲ. ಸ್ಕ್ಯಾನ್‌ನಿಂದ ಲಾಭ ನಿಮಗೇ ಆಗುತ್ತೆ. ಪಕ್ಕದ ಕಾರ್ಖಾನೆಯಿಂದ ಬಂದಿದ್ದರಲ್ಲಿ ನಿಮಗೇನು ಸಿಕ್ಕಿತು? ನಿಮ್ಮನ್ನು ಕೇಳದೆ ನಿಮ್ಮ ಮೇಲೆ ಹೇರುವುದಕ್ಕೆ ಬಿಗಿ ಮಿತಿ.

ಹಳೇ_ಕಡತ
ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮೊದಮೊದಲು ಮಿತಿ ಅಂದರೆ ಚರ್ಮ. ಎಷ್ಟು ಎಕ್ಸ್‌ರೇ ಬಿದ್ದರೆ ಚರ್ಮ ಕೆಂಪಾಗುತ್ತೋ ಅದೇ ಅಳತೆಗೋಲು. 1925ರಲ್ಲಿ ಮುಟ್‌ಶೆಲ್ಲರ್ ಅನ್ನೋ ಭೌತವಿಜ್ಞಾನಿ, ಕೆಂಪಾಗುವ ಡೋಸಿನ ನೂರನೇ ಒಂದು ಭಾಗ ಒಂದು ತಿಂಗಳಲ್ಲಿ ಬಿದ್ದರೆ ತಡೆದುಕೊಳ್ಳಬಹುದು ಅಂದ. ಅದಕ್ಕೆ ಹೆಸರೇ 'ಸಹನೆಯ ಡೋಸ್'. ನೂರೇ ಯಾಕೆ, ಇನ್ನೂರು ಯಾಕಲ್ಲ? ಕೆಲವು ಎಕ್ಸ್‌ರೇ ಕೇಂದ್ರಗಳಲ್ಲಿ ಕೆಲಸದವರು ಚೆನ್ನಾಗಿದ್ದದ್ದನ್ನು ನೋಡಿ ಆ ಲೆಕ್ಕ ಹಾಕಿದ್ದು, ಅಷ್ಟೇ.

1928ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಕಿರಣ ವೈದ್ಯರ ಸಮ್ಮೇಳನ ಆಯಿತು. ಈಗ ಐಸಿಆರ್‌ಪಿ ಅನ್ನುವ ಅಂತರರಾಷ್ಟ್ರೀಯ ಆಯೋಗ ಅಲ್ಲೇ ಹುಟ್ಟಿದ್ದು. 1934ರಲ್ಲಿ ಅವರು ಹೇಳಿದ ಮಿತಿ ದಿನಕ್ಕೆ 0.2 ರಾಂಟ್ಜನ್ (ಎಕ್ಸ್‌ರೇ ಅಳೆಯುವ ಆಗಿನ ಮಾನ). ಇವತ್ತಿನ ಲೆಕ್ಕಕ್ಕೆ ತಂದರೆ ವರ್ಷಕ್ಕೆ ಸುಮಾರು 500 ಮಿಲಿಸೀವರ್ಟ್. ಕೆಲಸಗಾರರಿಗೆ ಈಗಿರುವುದು 20. ಆಗ ಸಾರ್ವಜನಿಕರು ಅಂತ ಬೇರೆ ಸಾಲೇ ಇರಲಿಲ್ಲ. 1950ರ ದಶಕದ ಕೊನೆಗೆ ಜನರಿಗೆ 5 ಮಿಲಿಸೀವರ್ಟ್ ಅಂತ ಬಂತು. 1985ರಲ್ಲಿ ಅದು 1ಕ್ಕೆ ಇಳಿಯಿತು. 1990ರ ಶಿಫಾರಸಿನಲ್ಲಿ ಗಟ್ಟಿಯಾಯಿತು.

ನನಗೆ ಮರೆಯಲಾಗದ್ದು ರೇಡಿಯಂ ಕತೆ. ಗಡಿಯಾರದ ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿಯುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ರೇಡಿಯಂ ಮೂಳೆ ಸೇರಿ ದವಡೆ ಕೊಳೆಯಿತು. 1941ರಲ್ಲಿ ಅಮೆರಿಕದ ಸಮಿತಿಯೊಂದು ದೇಹದಲ್ಲಿ ಎಷ್ಟು ರೇಡಿಯಂ ಇರಬಹುದು ಅಂತ ತೀರ್ಮಾನಿಸಲು ಕೂತಿತು. ಕೈಯಲ್ಲಿದ್ದದ್ದು ಬೆರಳೆಣಿಕೆಯಷ್ಟು ಜನರ ಮಾಹಿತಿ. ಎಂಐಟಿಯ ರಾಬ್ಲಿ ಇವಾನ್ಸ್ ಸದಸ್ಯರನ್ನು ಕೇಳಿದ್ದು ಹೆಚ್ಚುಕಡಿಮೆ ಇಷ್ಟು: ನಿಮ್ಮ ಹೆಂಡತಿ, ಮಗಳ ಮೈಯಲ್ಲಿ ಎಷ್ಟಿದ್ದರೆ ನೀವು ನೆಮ್ಮದಿಯಾಗಿರುತ್ತೀರಿ? ಕೊನೆಗೆ 0.1 ಮೈಕ್ರೋಗ್ರಾಂಗೆ ಎಲ್ಲರೂ ಒಪ್ಪಿದರು.

ಅರೆಬೆಂದ_ಗಣಿತ
'ನಿಮ್ಮ ಮಗಳ ಮೈಯಲ್ಲಿ ಎಷ್ಟು?' ಇಡೀ ವಿಜ್ಞಾನಕ್ಕಿಂತ ಈ ಪ್ರಶ್ನೆಯೇ ಜಾಸ್ತಿ ಕೆಲಸ ಮಾಡಿದೆ ಅನ್ಸುತ್ತೆ.

ತಿಮ್ಮಕ್ಕನ_ತಮ್ಮ
ಮೊಬೈಲ್ ಟವರ್ ಬಗ್ಗೆ ಯಾರೂ ಮಾತಾಡ್ತಿಲ್ಲ. ಅಸಲಿ ವಿಕಿರಣ ಅಲ್ಲಿದೆ.

ಬ್ಯಾಡ್ಜ್_ಧಾರಿ
ಬಂತಪ್ಪಾ. ಇನ್ನೂ ಯಾಕೆ ಬರಲಿಲ್ಲ ಅಂತ ಕಾಯ್ತಿದ್ದೆ.

ಗೊಂದಲ_ನಿವಾರಕ
ಅದು ಬೇರೆ ಜಾತಿ. ಎಕ್ಸ್‌ರೇ, ಗಾಮಾ ಕಿರಣಗಳು ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕುತ್ತವೆ. ಅದರಿಂದ ಡಿಎನ್‌ಎ ತುಂಡಾಗಬಹುದು. ಮೊಬೈಲ್ ಅಲೆಗೆ ಅಷ್ಟು ಕಸುವಿಲ್ಲ, ಅದು ಬಿಸಿ ಮಾಡುತ್ತದೆ. ಆದ್ದರಿಂದ ಮಿತಿ ಹಾಕುವ ರೀತಿಯೂ ಬೇರೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಒಂದು ಕಿಲೋ ತೂಕಕ್ಕೆ 4 ವಾಟ್ ಹೀರಿಕೊಂಡಾಗ ಪರಿಣಾಮ ಕಾಣಿಸಿತು. ಅದನ್ನು ಹತ್ತರಿಂದ ಭಾಗಿಸಿ ಕೆಲಸಗಾರರಿಗೆ 0.4, ಐವತ್ತರಿಂದ ಭಾಗಿಸಿ ಜನರಿಗೆ 0.08 ಅಂತ ಇಟ್ಟರು. ಪರಿಣಾಮ ಶುರುವಾಗುವ ಹೊಸಿಲು ಸಿಕ್ಕಿತು, ಅದರಿಂದ ದೂರ ನಿಂತರು. ಸುಲಭ.

ಎಕ್ಸ್‌ರೇ ವಿಷಯದಲ್ಲಿ ಹೊಸಿಲು ಎಲ್ಲಿದೆ ಅನ್ನೋದೇ ಜಗಳ.

ತಿಮ್ಮಕ್ಕನ_ತಮ್ಮ
ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2011ರಲ್ಲಿ ಮೊಬೈಲ್ ಅಲೆಗಳನ್ನು 'ಕ್ಯಾನ್ಸರ್ ತರಬಹುದಾದ' ಪಟ್ಟಿಗೆ ಸೇರಿಸಿದೆ. ಇದನ್ನೂ ಹೇಳಿ.

ಗೊಂದಲ_ನಿವಾರಕ
ಹೌದು, 2ಬಿ ಗುಂಪು. 'ಪುರಾವೆ ಅರೆಬರೆ, ಆದರೆ ತಳ್ಳಿಹಾಕಲಾಗದು' ಅನ್ನುವ ಗುಂಪು. ಎಕ್ಸ್‌ರೇ ಇರುವುದು 1ನೇ ಗುಂಪಿನಲ್ಲಿ. ಟವರ್ ವಿಷಯಕ್ಕೆ ಬೇರೆ ಚರ್ಚೆ ತೆಗೆಯಿರಿ, ಅಲ್ಲಿ ಬರುತ್ತೇನೆ.

ಅರೆಬೆಂದ_ಗಣಿತ
ಹೊಸಿಲಿನ ಜಗಳಕ್ಕೆ ಬರೋಣ. ಇವತ್ತಿನ ಎಲ್ಲ ಮಿತಿಗಳ ಅಡಿಪಾಯ ಒಂದು ಊಹೆ: ಡೋಸ್ ಅರ್ಧ ಆದರೆ ಅಪಾಯವೂ ಅರ್ಧ, ಸೊನ್ನೆವರೆಗೂ ನೇರ ಗೆರೆ, ಎಲ್ಲೂ ಹೊಸಿಲಿಲ್ಲ. ಎಲ್‌ಎನ್‌ಟಿ ಅಂತಾರೆ.

ಗೆರೆಯ ಮೇಲ್ತುದಿ ಗಟ್ಟಿ. ಹಿರೋಶಿಮಾ, ನಾಗಸಾಕಿಯ ಸುಮಾರು 1,20,000 ಜನರನ್ನು 1950ರಿಂದ ಗಮನಿಸುತ್ತಾ ಬಂದಿದ್ದಾರೆ. ಜಾಸ್ತಿ ಡೋಸ್ ಬಿದ್ದವರಲ್ಲಿ ಕ್ಯಾನ್ಸರ್ ಜಾಸ್ತಿ, ಅನುಮಾನವೇ ಇಲ್ಲ. 100 ಮಿಲಿಸೀವರ್ಟ್‌ಗಿಂತ ಕೆಳಗೆ ಬಂದರೆ ಮಸುಕು. ಅಮೆರಿಕದ ವಿಜ್ಞಾನ ಅಕಾಡೆಮಿಯ 2006ರ ವರದಿ ಹೇಳುವುದು ಹೀಗೆ: 100 ಜನಕ್ಕೆ ತಲಾ 100 ಮಿಲಿಸೀವರ್ಟ್ ಬಿದ್ದರೆ ಸುಮಾರು ಒಬ್ಬರಿಗೆ ಅದರಿಂದ ಕ್ಯಾನ್ಸರ್ ಬರಬಹುದು. ಅದೇ 100 ಜನರಲ್ಲಿ 42 ಜನಕ್ಕೆ ಬೇರೆ ಕಾರಣಗಳಿಂದ ಹೇಗೂ ಬರುತ್ತದೆ. 42ರ ಗಲಾಟೆಯಲ್ಲಿ ಆ ಒಂದನ್ನು ಹುಡುಕಬೇಕು. 1 ಮಿಲಿಸೀವರ್ಟ್‌ಗೆ ಇಳಿದರೆ ಹತ್ತು ಸಾವಿರದಲ್ಲಿ ಒಂದು. ಸಂತೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ.

ಆದ್ದರಿಂದ ಕಾಣುವ ಗೆರೆಯನ್ನು ಕಾಣದ ಕಡೆಗೂ ಎಳೆದಿದ್ದಾರೆ. ನನ್ನ ಪ್ರಕಾರ ಇದು ವಿಜ್ಞಾನ ಅಲ್ಲ, ಜಾಗರೂಕತೆ. ತಪ್ಪೇನಿಲ್ಲ. ಆದರೆ ಹಾಗಂತ ಬಾಯಿಬಿಟ್ಟು ಹೇಳಿ!

ಕೆಂಪು_ಪೆನ್ನು
ಅಷ್ಟೊಂದು ಮಸುಕಲ್ಲ ಸ್ವಾಮಿ. ಫ್ರಾನ್ಸ್, ಬ್ರಿಟನ್, ಅಮೆರಿಕದ ಮೂರು ಲಕ್ಷಕ್ಕೂ ಹೆಚ್ಚು ಅಣು ಕೆಲಸಗಾರರ ಅಧ್ಯಯನ 2023ರಲ್ಲಿ ಬಂತು. ಕಡಿಮೆ ಡೋಸ್‌ನಲ್ಲೂ ಕ್ಯಾನ್ಸರ್ ಸಾವು ಏರುವುದು ಕಂಡಿದೆ. ಗರ್ಭದಲ್ಲಿದ್ದಾಗ ಎಕ್ಸ್‌ರೇ ಬಿದ್ದ ಮಕ್ಕಳಲ್ಲಿ ಕ್ಯಾನ್ಸರ್ ಜಾಸ್ತಿ ಅಂತ ಆಲಿಸ್ ಸ್ಟುವರ್ಟ್ 1950ರ ದಶಕದಲ್ಲೇ ತೋರಿಸಿದರು. ಆಗ ಬೈದವರೇ ಜಾಸ್ತಿ. ಈಗ ಬಸುರಿಯರನ್ನು ಕೇಳದೆ ಯಾರಾದರೂ ಎಕ್ಸ್‌ರೇ ತೆಗೆಯುತ್ತಾರಾ?

ಮರಳು_ದಿಬ್ಬ
ಕೇರಳದ ಕರುನಾಗಪ್ಪಳ್ಳಿ ಕರಾವಳಿಯ ಮರಳಲ್ಲಿ ಮೊನಜೈಟ್ ಅನ್ನೋ ಖನಿಜ ಇದೆ, ಅದರಲ್ಲಿ ವಿಕಿರಣ ಸೂಸುವ ಥೋರಿಯಂ. ಅಲ್ಲಿ ಕೆಲವು ಮನೆಗಳಲ್ಲಿ ವರ್ಷಕ್ಕೆ ಹತ್ತಾರು ಮಿಲಿಸೀವರ್ಟ್ ಬೀಳುತ್ತೆ. ಸುಮಾರು 70 ಸಾವಿರ ಜನರನ್ನು ಗಮನಿಸಿದರು, ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಇರಾನಿನ ರಾಮಸರ್‌ನಲ್ಲಿ ಇನ್ನೂ ಜಾಸ್ತಿ. ನಿಸರ್ಗದಿಂದ ಬೀಳುವುದರ ಇಡೀ ಲೋಕದ ಸರಾಸರಿಯೇ ವರ್ಷಕ್ಕೆ 2.4. ಹಾಗಿದ್ದ ಮೇಲೆ ಆ 1ಕ್ಕೆ ಏನರ್ಥ?

ಕೆಂಪು_ಪೆನ್ನು
'ಕಾಣಲಿಲ್ಲ' ಅಂದರೆ 'ಇಲ್ಲ' ಅಂತ ಅಲ್ಲ. ಮೇಲೆ ಗಣಿತದವರು ಹೇಳಿದ ಸಂತೆಯ ಪಿಸುಮಾತು ಈ ಕಡೆಗೂ ಅನ್ವಯ ಆಗುತ್ತೆ. ನಿಮಗೆ ಬೇಕಾದ ಕಡೆ ಮಾತ್ರ ಕಿವಿ ಮುಚ್ಚಿಕೊಳ್ಳಬೇಡಿ.

ಅರೆಬೆಂದ_ಗಣಿತ
ಇದು ನ್ಯಾಯ. ಒಪ್ಪಿದೆ.

ಹಳೇ_ಕಡತ
ಆ 1ಕ್ಕೆ ಅರ್ಥ ಇರೋದೇ 2.4ರ ಪಕ್ಕದಲ್ಲಿ ಇಟ್ಟಾಗ. 2.4ರಲ್ಲಿ ಅರ್ಧದಷ್ಟು ನೆಲದಿಂದ ಬರುವ ರೇಡಾನ್ ಅನಿಲದ್ದು. ಅದನ್ನು ತೆಗೆದರೆ ಉಳಿಯುವುದು ಒಂದು ಚಿಲ್ಲರೆ. 1990ರ ಶಿಫಾರಸಿನಲ್ಲಿ ಆಯೋಗ ಇದನ್ನೂ ನೋಡಿತು. ಜನ ಒಂದೂರು ಬಿಟ್ಟು ಇನ್ನೊಂದೂರಿಗೆ ಮನೆ ಬದಲಾಯಿಸುವಾಗ ಈ ವ್ಯತ್ಯಾಸ ಯೋಚಿಸುತ್ತಾರಾ? ಇಲ್ಲ. ಅಂಥ ವ್ಯತ್ಯಾಸದ ಅಳತೆಯಲ್ಲೇ ಹೊರಗಿನವರ ಪಾಲು ಇರಲಿ ಅನ್ನುವ ಲೆಕ್ಕ. ಅಪಾಯದ ಅಂದಾಜೂ ಜೊತೆಗಿತ್ತು. ಆದರೆ ಇದು ತೀರ್ಪು, ಮಾಪನ ಅಲ್ಲ.

ಉಪ್ಪಿಟ್ಟು_ಪ್ರಿಯ
ಬಾಳೆಹಣ್ಣಲ್ಲೂ ವಿಕಿರಣ ಇದೆಯಂತೆ, ಅದಕ್ಕೂ ಮಿತಿ ಹಾಕಿ 😄

ಗೊಂದಲ_ನಿವಾರಕ
ಪೊಟ್ಯಾಸಿಯಂ-40 ಇದೆ. ಒಂದು ಹಣ್ಣಿಗೆ 0.1 ಮೈಕ್ರೋಸೀವರ್ಟ್ ಅಂತಾರೆ. ಆದರೆ ದೇಹ ಜಾಸ್ತಿಯಾದ ಪೊಟ್ಯಾಸಿಯಂ ಹೊರಹಾಕುತ್ತೆ, ಆದ್ದರಿಂದ ಡಜನ್ ತಿಂದರೂ ಒಳಗಿನ ಮೊತ್ತ ಹೆಚ್ಚುಕಡಿಮೆ ಅಷ್ಟೇ. ನಿಮ್ಮ ಪಕ್ಕ ಕೂತವರ ಮೈಯಲ್ಲೂ ಸೆಕೆಂಡಿಗೆ ನಾಲ್ಕು ಸಾವಿರದಷ್ಟು ಪೊಟ್ಯಾಸಿಯಂ ಪರಮಾಣು ಸಿಡಿಯುತ್ತಿರುತ್ತವೆ. ಹೆದರಿ ಎದ್ದು ಹೋಗಬೇಡಿ.

ಮೂಗು_ತೂರಿಸೋನು
ಬ್ಯಾಡ್ಜ್ ಸಾಹೇಬರೇ, ನಿಮಗೆ ವರ್ಷಕ್ಕೆ 20 ಅಲ್ವಾ? ನಮಗಿಂತ ಇಪ್ಪತ್ತು ಪಟ್ಟು. ನಿಮ್ಮ ಜೀವ ಅಷ್ಟು ಅಗ್ಗವಾ?

ಬ್ಯಾಡ್ಜ್_ಧಾರಿ
ಐದು ವರ್ಷದ ಸರಾಸರಿ 20, ಯಾವುದೇ ಒಂದು ವರ್ಷ 50 ದಾಟಬಾರದು ಅಂತ ಐಸಿಆರ್‌ಪಿ ಹೇಳುತ್ತೆ. ನನಗೆ ವಯಸ್ಸು 18 ದಾಟಿದೆ, ತರಬೇತಿ ಇದೆ, ಸಂಬಳ ಇದೆ, ಎದೆ ಮೇಲೆ ವಿಕಿರಣ ಅಳೆಯುವ ಬ್ಯಾಡ್ಜ್ ಇದೆ. ಸಾರ್ವಜನಿಕರು ಅಂದರೆ ಎಳೆಗೂಸೂ ಬಂತು, ಅದಕ್ಕೆ ಬ್ಯಾಡ್ಜ್ ಯಾರು ಹಾಕುತ್ತಾರೆ? ಮತ್ತೆ, 20 ಅನ್ನೋದು ಗುರಿಯಲ್ಲ. ನನ್ನ ವರ್ಷದ ಲೆಕ್ಕ ಒಂದರ ಹತ್ತಿರ ಹೋಗುವುದೂ ಅಪರೂಪ.

ಒಂದು ಸಲ ಮಾತ್ರ ಜೀವ ಬಾಯಿಗೆ ಬಂದಿತ್ತು. ಹಳೆಯ ಕೆಲಸದ ಜಾಗ, ಹೆಸರು ಬೇಡ. ಮೂರು ತಿಂಗಳಿಗೊಮ್ಮೆ ಬ್ಯಾಡ್ಜ್ ಲೆಕ್ಕಕ್ಕೆ ಕಳಿಸುತ್ತೇವೆ. ಒಂದು ಸಲ ನನ್ನ ಅಂಕಿ ಸಿಕ್ಕಾಪಟ್ಟೆ ಜಾಸ್ತಿ ಬಂತು. ವಿಚಾರಣೆ, ರಕ್ತಪರೀಕ್ಷೆ, ಮನೆಯಲ್ಲಿ ಅಳು. ಹದಿನೈದು ದಿನ ನಿದ್ದೆ ಇಲ್ಲ. ಕೊನೆಗೆ ಗೊತ್ತಾಗಿದ್ದು: ಸೀಸದ ಏಪ್ರನ್ ಬಿಚ್ಚಿ ಎಕ್ಸ್‌ರೇ ಕೋಣೆಯ ಒಳಗಿನ ಮೊಳೆಗೆ ನೇತು ಹಾಕುತ್ತಿದ್ದೆ, ಬ್ಯಾಡ್ಜ್ ಅದರ ಹೊರಜೇಬಲ್ಲೇ ಇರುತ್ತಿತ್ತು. ನಾನು ಹೊರಗೆ ಚಹಾ ಕುಡಿಯುತ್ತಿದ್ದಾಗ ಅದು ಒಳಗೆ ನಿಂತು ಎಲ್ಲರ ಎಕ್ಸ್‌ರೇ ತಿನ್ನುತ್ತಿತ್ತು. ಅಂದಿನಿಂದ ಬ್ಯಾಡ್ಜ್ ನನ್ನ ಶರಟಿಗೇ, ಏಪ್ರನ್ ಒಳಗೆ.

ಉಪ್ಪಿಟ್ಟು_ಪ್ರಿಯ
ಪಾಪ ಆ ಬ್ಯಾಡ್ಜ್‌ಗೆ ಯಾರೂ ಚಹಾ ಕೊಡಲಿಲ್ಲ.

ಕಣ್ಣು_ಮಂಜು
ಕೆಲಸಗಾರರ ಮಿತಿಯೂ ಕಲ್ಲಲ್ಲಿ ಕೆತ್ತಿದ್ದಲ್ಲ. ಕಣ್ಣಿನ ಮಸೂರಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ ಅಂತಿತ್ತು. ಹೃದಯದ ಕ್ಯಾತಿಟರ್ ಕೋಣೆಯಲ್ಲಿ ದಿನವಿಡೀ ಎಕ್ಸ್‌ರೇ ಪರದೆ ಮುಂದೆ ನಿಲ್ಲುವ ವೈದ್ಯರಲ್ಲಿ ಪೊರೆಯ ಶುರುವಾತು ಕಾಣತೊಡಗಿತು. 2011ರಲ್ಲಿ ಒಂದೇ ಏಟಿಗೆ 20ಕ್ಕೆ ಇಳಿಸಿದರು. ಮೊದಲು 150ರ ಅಂಚಿನಲ್ಲಿ ಮಿತಿಯೊಳಗೇ ಇದ್ದವರು ಮರುದಿನ ಹೊಸ ಮಿತಿಯ ಏಳು ಪಟ್ಟು! ಅವರ ಕಣ್ಣು ಮಾತ್ರ ನಿನ್ನೆಯದೇ.

ಸುಮ್ನೆ_ಕೇಳ್ದೆ
ಇದೇ ನನ್ನ ತಕರಾರು. ಅಂಕಿ ಹೀಗೆ ಬದಲಾಗುತ್ತಾ ಹೋದರೆ ಜನ ನಂಬೋದು ಹೇಗೆ?

ದೂರದ_ಕನ್ನಡಿಗ
ನಂಬಿಕೆ ಮುರಿಯುವುದು ನೋಡಬೇಕಾದರೆ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತ ನೋಡಿ. 2011ರ ಏಪ್ರಿಲ್‌ನಲ್ಲಿ ಸರ್ಕಾರ ಶಾಲೆಯ ಆಟದ ಮೈದಾನಕ್ಕೆ ಗಂಟೆಗೆ 3.8 ಮೈಕ್ರೋಸೀವರ್ಟ್ ಅಂತ ಗೆರೆ ಹಾಕಿತು. ಎಲ್ಲಿಂದ ಬಂತು 3.8? ಲೆಕ್ಕ ಸಣ್ಣದು. ಮಗು 8 ಗಂಟೆ ಹೊರಗೆ, 16 ಗಂಟೆ ಮರದ ಮನೆಯೊಳಗೆ. ಮನೆಯೊಳಗೆ 40 ಶೇಕಡಾ ಮಾತ್ರ ಬರುತ್ತೆ ಅಂದುಕೊಳ್ಳಿ. 16ನ್ನು 0.4ರಿಂದ ಗುಣಿಸಿದರೆ 6.4, ಅದಕ್ಕೆ 8 ಸೇರಿಸಿದರೆ 14.4. ಇದನ್ನು 3.8ರಿಂದ, ಆಮೇಲೆ 365ರಿಂದ ಗುಣಿಸಿ. ವರ್ಷಕ್ಕೆ ಹೆಚ್ಚುಕಡಿಮೆ 20,000 ಮೈಕ್ರೋಸೀವರ್ಟ್, ಅಂದರೆ 20 ಮಿಲಿಸೀವರ್ಟ್.

ಅಂದರೆ ಮೊದಲು 20 ಅಂತ ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದ್ದು. ಅಪಘಾತದ ನಂತರ 1ರಿಂದ 20ರ ನಡುವೆ ಎಲ್ಲಾದರೂ ಗೆರೆ ಇಡಬಹುದು ಅಂತ ಐಸಿಆರ್‌ಪಿ ಹೇಳಿತ್ತು. ಇವರು ಆಯ್ದದ್ದು ಮೇಲ್ತುದಿ, ಅದೂ ಮಕ್ಕಳಿಗೆ. ಪ್ರಧಾನಿಯ ಸಲಹೆಗಾರರಾಗಿದ್ದ ಪ್ರಾಧ್ಯಾಪಕರೊಬ್ಬರು ಟಿವಿ ಕ್ಯಾಮೆರಾ ಮುಂದೆ ಅಳುತ್ತಾ ರಾಜೀನಾಮೆ ಕೊಟ್ಟರು. ತಾಯಂದಿರು ಬೀದಿಗೆ ಬಂದರು. ಮುಂದಿನ ತಿಂಗಳೇ ಶಾಲೆಯಲ್ಲಿ 1ಕ್ಕೆ ಇಳಿಸುವ ಗುರಿ ಅಂತ ಮಾತು ಬದಲಾಯಿತು. ತಾಯಂದಿರಿಗೆ ಅದರಿಂದ ಸಮಾಧಾನ ಆಯಿತಾ? 'ಹಾಗಾದರೆ ಹೋದ ತಿಂಗಳ 20 ಏನು?' ಅಂದರು.

ಅರೆಬೆಂದ_ಗಣಿತ
ಇದರ ಇನ್ನೊಂದು ಮಗ್ಗುಲೂ ಇದೆ. ಫುಕುಶಿಮಾ ಪ್ರಾಂತ್ಯದಲ್ಲಿ ವಿಪತ್ತಿನ ನಂತರದ ಪಾಡಿನಿಂದ ಸತ್ತವರು ಅಂತ ಅಧಿಕೃತ ಲೆಕ್ಕದಲ್ಲಿರುವವರು 2,300ಕ್ಕೂ ಹೆಚ್ಚು. ಜಾಸ್ತಿ ಜನ ವಯಸ್ಸಾದವರು. ಆಸ್ಪತ್ರೆಯಿಂದ, ವೃದ್ಧಾಶ್ರಮದಿಂದ ಆತುರದಲ್ಲಿ ಬಸ್ಸಿಗೆ ಹತ್ತಿಸಿ ಸಾಗಿಸಿದ್ದು, ಔಷಧ ತಪ್ಪಿದ್ದು, ಊರು ಬಿಟ್ಟ ಕೊರಗು. ಎಂಬತ್ತೈದರ ಅಜ್ಜಿಗೆ 20 ಮಿಲಿಸೀವರ್ಟ್ ಏನು ಮಾಡುತ್ತಿತ್ತು? ಕ್ಯಾನ್ಸರ್ ಬೆಳೆಯೋಕೆ ಹತ್ತಾರು ವರ್ಷ ಬೇಕು. ಬಸ್ಸಿನ ಪ್ರಯಾಣ ಒಂದೇ ರಾತ್ರಿಯಲ್ಲಿ ಕೊಂದಿತು. ಮಿತಿ ಬಿಗಿ ಮಾಡುವುದು ಪುಕ್ಕಟೆ ಅಲ್ಲ.

ಕೆಂಪು_ಪೆನ್ನು
ಅಜ್ಜಿಗೆ ಒಂದು ಮಿತಿ, ಮಗುವಿಗೆ ಒಂದು ಮಿತಿ ಮಾಡೋಣ ಅಂತೀರಾ? ಮನೆಯವರು ಬೇರೆ ಬೇರೆ ಆಗಬೇಕಾ? ಚೆರ್ನೋಬಿಲ್ ಅಣುಸ್ಥಾವರದ ಅಪಘಾತದಲ್ಲಿ ವಿಕಿರಣ ಸೂಸುವ ಅಯೋಡಿನ್-131 ಬಿದ್ದ ಹುಲ್ಲು ತಿಂದ ಹಸುವಿನ ಹಾಲು ಕುಡಿದು ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು, ಸಾವಿರಾರು ಮಕ್ಕಳಿಗೆ. ಹಾಲು ನಿಲ್ಲಿಸಿ ಅಂತ ಬೇಗ ಹೇಳಿದ್ದರೆ ಸಾಕಿತ್ತು. ಸಡಿಲ ಬಿಟ್ಟಿದ್ದಕ್ಕೂ ಬೆಲೆ ಇದೆ.

ಅರೆಬೆಂದ_ಗಣಿತ
ಹಾಲಿನ ವಿಷಯದಲ್ಲಿ ನಿಮ್ಮ ಕಡೆಗೇ ನಾನು. ಹಾಲು ನಿಲ್ಲಿಸೋದು ಅಗ್ಗ, ಕೆಲಸ ದೊಡ್ಡದು. ಅಜ್ಜಿಯನ್ನು ಬಸ್ಸಿಗೆ ಹತ್ತಿಸೋದು ದುಬಾರಿ, ಲಾಭ ಸೊನ್ನೆ. ಎರಡಕ್ಕೂ ಒಂದೇ ಅಂಕಿ ಹಿಡಿದು ಕೂರಬೇಡಿ ಅಂತಷ್ಟೇ.

ಮೂಗು_ತೂರಿಸೋನು
ಊಟದ ಮಿತಿಯೂ ದೇಶಕ್ಕೊಂದು ಥರ ಯಾಕೆ? ಜಪಾನ್ 100 ಸೀವರ್ಟ್ ಅಂತೆ, ಬೇರೆ ಕಡೆ 1000 ಸೀವರ್ಟ್ ಅಂತೆ.

ಗೊಂದಲ_ನಿವಾರಕ
ಸೀವರ್ಟ್ ಅಲ್ಲ ಮಾರಾಯ್ರೇ! 100 ಸೀವರ್ಟ್ ಬಿದ್ದರೆ ಊಟ ಮಾಡೋಕೆ ಯಾರೂ ಉಳಿಯಲ್ಲ. ಅದು ಬೆಕೆರೆಲ್. ಸೆಕೆಂಡಿಗೆ ಎಷ್ಟು ಪರಮಾಣು ಸಿಡಿಯುತ್ತೆ ಅನ್ನೋದು ಬೆಕೆರೆಲ್, ಅದರಿಂದ ಮೈಗೆ ಎಷ್ಟು ತಟ್ಟುತ್ತೆ ಅನ್ನೋದು ಸೀವರ್ಟ್.

ಕಿಲೋ ಆಹಾರಕ್ಕೆ ವಿಕಿರಣ ಸೂಸುವ ಸೀಸಿಯಂ 1000 ಬೆಕೆರೆಲ್ ಅನ್ನೋದು ಅಂತರರಾಷ್ಟ್ರೀಯ ಆಹಾರ ಸಂಹಿತೆ ಕೋಡೆಕ್ಸ್‌ನದ್ದು. ಜಪಾನ್ 2012ರಿಂದ 100. ಎರಡೂ ಹೊರಟಿದ್ದು ವರ್ಷಕ್ಕೆ ಅದೇ 1 ಮಿಲಿಸೀವರ್ಟ್‌ನಿಂದ! ತಿನ್ನುವ ಆಹಾರದಲ್ಲಿ ಹತ್ತನೇ ಒಂದು ಭಾಗ ಕಲುಷಿತ ಅಂತ ಕೋಡೆಕ್ಸ್ ಊಹಿಸಿತು. ಜಪಾನ್ ಅರ್ಧ ಭಾಗ ಅಂತ ಊಹಿಸಿ, ಮೇಲೆ ಇನ್ನಷ್ಟು ಬಿಗಿ ಮಾಡಿತು. ತಲೆಬರಹ ಮಾತ್ರ 'ಹತ್ತು ಪಟ್ಟು ಸುರಕ್ಷಿತ'.

ಹಳೇ_ಕಡತ
ಊಹೆಯ ತಮಾಷೆ ಬೇಕಾದರೆ ಇದು ಕೇಳಿ. ಅಮೆರಿಕದ ಯಕ್ಕಾ ಬೆಟ್ಟದಲ್ಲಿ ಅಣುತ್ಯಾಜ್ಯ ಹೂಳುವ ಯೋಜನೆಗೆ ನಿಯಮ ಬರೆದರು. ಮೊದಲ 10,000 ವರ್ಷ ಹತ್ತಿರದ ನಿವಾಸಿಗೆ ವರ್ಷಕ್ಕೆ 0.15 ಮಿಲಿಸೀವರ್ಟ್, ಅಲ್ಲಿಂದ ಹತ್ತು ಲಕ್ಷ ವರ್ಷದವರೆಗೆ 1. 10,001ನೇ ವರ್ಷದ ಮನುಷ್ಯನ ಬೆಲೆ ಒಂದೇ ರಾತ್ರಿಯಲ್ಲಿ ಆರರಲ್ಲೊಂದು ಪಾಲಿಗಿಂತ ಜಾಸ್ತಿ ಉಳಿಯಲಿಲ್ಲ!

ಉಪ್ಪಿಟ್ಟು_ಪ್ರಿಯ
ಅವನು ಬಂದು ದೂರು ಕೊಟ್ಟರೆ ನೋಡ್ಕೊಳ್ಳೋಣ ಬಿಡಿ.

ಗಾಳಿ_ಕಿಟಕಿ
ಎಲ್ಲರೂ ಸ್ಥಾವರದ 1ಕ್ಕೆ ಹೊಡೆದಾಡ್ತಿದ್ದೀರಿ. ಮನೆಯ ನೆಲದ ಬಿರುಕಿಂದ ಬರುವ ರೇಡಾನ್ ಬಗ್ಗೆ ಯಾರಿಗೂ ಬಿಸಿ ಇಲ್ಲ. ಸಿಗರೇಟು ಬಿಟ್ಟರೆ ಶ್ವಾಸಕೋಶದ ಕ್ಯಾನ್ಸರ್‌ಗೆ ದೊಡ್ಡ ಕಾರಣಗಳಲ್ಲಿ ಅದೊಂದು. ಘನ ಮೀಟರ್ ಗಾಳಿಗೆ 100 ಬೆಕೆರೆಲ್ ಒಳಗಿರಲಿ, ಆಗದಿದ್ದರೆ 300 ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. 300 ಅಂದರೆ ವರ್ಷಕ್ಕೆ 1 ಮಿಲಿಸೀವರ್ಟ್‌ನ ಹತ್ತಿರವೂ ಅಲ್ಲ, ಎಷ್ಟೋ ಪಟ್ಟು ಮೇಲೆ. ಬಯ್ಯೋಕೆ ಯಾರೂ ಸಿಗಲ್ಲ ನೋಡಿ, ಅದಕ್ಕೇ ಮಿತಿಯೂ ಉದಾರ.

ಕೆಂಪು_ಪೆನ್ನು
ಇದಕ್ಕೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ.

ಬ್ಯಾಡ್ಜ್_ಧಾರಿ
ಚರ್ಚೆ ಎಲ್ಲೆಲ್ಲೋ ಹೋಯಿತು. ಪ್ರಶ್ನೆ ಕೇಳಿದವರೇ, ನಿಮ್ಮ ಸಿಟಿ ಚಿತ್ರಗಳ ಕೊನೆಯಲ್ಲಿ ಡೋಸ್ ವರದಿ ಅಂತ ಒಂದು ಪುಟ ಇರುತ್ತೆ. ಅದರಲ್ಲಿ ಡಿಎಲ್‌ಪಿ ಅನ್ನೋ ಒಟ್ಟು ಅಂಕಿ ನೋಡಿ. ಹೊಟ್ಟೆಯದ್ದಾದರೆ 0.015ರಿಂದ ಗುಣಿಸಿ, ಅಂದಾಜು ಮಿಲಿಸೀವರ್ಟ್ ಬರುತ್ತೆ. ಯಾವುದಕ್ಕೆ ತೆಗೆಸಿದ್ದು?

ಸುಮ್ನೆ_ಕೇಳ್ದೆ
ಸಿಕ್ಕಿತು. 612. ಅಂದ್ರೆ 9.18. ಮೂತ್ರಪಿಂಡದ ಕಲ್ಲು ಇರಬಹುದು ಅಂತ ತೆಗೆಸಿದ್ದು.

ಬ್ಯಾಡ್ಜ್_ಧಾರಿ
ಕಲ್ಲು ಹುಡುಕೋಕೆ ಅಷ್ಟು ಬೇಕಿರಲಿಲ್ಲ. ಕಲ್ಲು ಬೆಳ್ಳಗೆ ಎದ್ದು ಕಾಣುತ್ತೆ, ಚಿತ್ರ ಸ್ವಲ್ಪ ಮಬ್ಬಾದರೂ ನಡೆಯುತ್ತೆ. ಕಡಿಮೆ ಡೋಸ್ ವಿಧಾನದಲ್ಲಿ ಸುಮಾರು 3ರಲ್ಲಿ ಮುಗಿಯುತ್ತೆ. ಈ ಸಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮತ್ತೆ ತೆಗೆಸಬೇಕಾಗಿ ಬಂದರೆ ಅಲ್ಟ್ರಾಸೌಂಡ್ ಸಾಕಾ ಅಂತ ಮೊದಲು ಕೇಳಿ. ಸಾಲದು ಅಂದರೆ 'ಕಲ್ಲಿನ ಕಡಿಮೆ ಡೋಸ್ ಸಿಟಿ ಆಗುತ್ತಾ' ಅಂತ ಕೇಳಿ. ಕೇಳಿದರೆ ನಮ್ಮವರು ಬೇಜಾರು ಮಾಡ್ಕೊಳ್ಳಲ್ಲ.

ಮೂಗು_ತೂರಿಸೋನು
ಅದಿರಲಿ, ಕಲ್ಲು ಸಿಕ್ಕಿತಾ?

ಸುಮ್ನೆ_ಕೇಳ್ದೆ
ಸಿಕ್ಕಿತು. 5 ಮಿಲಿಮೀಟರ್. ನೀರು ಕುಡಿದು ಕಾಯಿರಿ, ತಾನೇ ಹೋಗಬಹುದು ಅಂದಿದ್ದಾರೆ. ಕಾಯ್ತಾ ಇದ್ದೇನೆ.